ಬಾಯಿಯ ಗಂಟಿಗೆ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಆಗುತ್ತದೆಯೇ?

‘ಬಾಯಲ್ಲಿ ಗಂಟಾದರೆ ಬಯಾಪ್ಸಿ ಬೇಡ, ಕತ್ತರಿ ತಾಗಿದರೆ ಅದೇ ಕ್ಯಾನ್ಸರ್ ಆಗುತ್ತದೆ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಇದು ಸುಳ್ಳು. ಬಯಾಪ್ಸಿಯಿಂದ ಸಾಧಾರಣ ಗಂಟು ಕ್ಯಾನ್ಸರ್ ಆಗುವುದಿಲ್ಲ. ಒಳಗೆ ಮೊದಲೇ ಕ್ಯಾನ್ಸರ್ ಇದ್ದರೆ ಅದು ಗೊತ್ತಾಗುತ್ತದೆ, ಅಷ್ಟೇ.

ಬಾಯಿಯ ಮೆತ್ತನೆಯ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಕೆನ್ನೆಯ ಒಳಗೆ ಹಲ್ಲು ಪದೇ ಪದೇ ಕಚ್ಚುವ ಜಾಗದಲ್ಲಿ ನುಣುಪಾದ ಗಂಟು ಬೆಳೆದರೆ ಅದು ಸಾಮಾನ್ಯವಾಗಿ ಫೈಬ್ರೋಮಾ. ಕೆಳತುಟಿಯ ಒಳಗೆ ನೀಲಿ ಛಾಯೆಯ ಗುಳ್ಳೆ ಉಬ್ಬಿ, ಒಡೆದು, ಮತ್ತೆ ಉಬ್ಬಿದರೆ ಜೊಲ್ಲು ಕಟ್ಟಿಕೊಂಡ ಮ್ಯೂಕೋಸೀಲ್ ಇರಬಹುದು. ಗರ್ಭಿಣಿಯರ ಒಸಡಿನಲ್ಲಿ ಮುಟ್ಟಿದರೆ ರಕ್ತ ಬರುವ ಕೆಂಪು ಗಂಟು ಹೆರಿಗೆಯ ನಂತರ ಎಷ್ಟೋ ಸಲ ತಾನಾಗಿ ಕುಗ್ಗುತ್ತದೆ. ಹಳದಿ ಛಾಯೆಯ, ಹಿಟ್ಟಿನಂತೆ ಮೆತ್ತಗಿರುವುದು ಕೊಬ್ಬಿನ ಗಂಟು, ಲೈಪೋಮಾ. ತೆಗೆದು ಫಾರ್ಮಲಿನ್ ಬಾಟಲಿಗೆ ಹಾಕಿದರೆ ತೇಲುತ್ತದೆ!

ಆದರೆ ನೋಟ ಮೋಸ ಮಾಡುತ್ತದೆ. ಅಂಗುಳಿನಲ್ಲೋ ಮೇಲ್ತುಟಿಯಲ್ಲೋ ನೋವಿಲ್ಲದೆ ಬೆಳೆಯುವ ಗಂಟು ಜೊಲ್ಲುಗ್ರಂಥಿಯ ಗೆಡ್ಡೆ ಇರಬಹುದು, ಅವುಗಳಲ್ಲಿ ಕೆಲವು ಕ್ಯಾನ್ಸರ್. ‘ನೋವಿಲ್ಲವಲ್ಲ, ಬಿಡಿ’ ಎನ್ನುವ ಮಾತನ್ನು ನಂಬಬೇಡಿ, ಬಾಯಿ ಕ್ಯಾನ್ಸರ್ ಕೂಡ ಶುರುವಿನಲ್ಲಿ ನೋಯದೇ ಇರಬಹುದು. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಭ್ಯಾಸ ಇರುವವರ ಬಾಯಲ್ಲಂತೂ ಗಟ್ಟಿಯಾದ ಗಂಟು, ಬಿಳಿ ಅಥವಾ ಕೆಂಪು ಮಚ್ಚೆ, ಹುಣ್ಣು ಎರಡು ವಾರ ದಾಟಿದರೆ ಕಾಯುವಂತಿಲ್ಲ.

ಹಾಗಾದರೆ ಮುಟ್ಟಬಾರದ ಗಂಟೇ ಇಲ್ಲವೇ? ಇದೆ, ಆದರೆ ಕಾರಣ ಬೇರೆ. ರಕ್ತನಾಳಗಳಿಂದಾದ ಹಿಮಾಂಜಿಯೋಮಾದಂಥ ಗಂಟನ್ನು ಅವಸರದಲ್ಲಿ ಕತ್ತರಿಸಿದರೆ ವಿಪರೀತ ರಕ್ತಸ್ರಾವವಾಗಬಹುದು. ಅದಕ್ಕೇ ದಂತವೈದ್ಯರು ಗಾಜಿನ ಪಟ್ಟಿಯಿಂದ ಒತ್ತಿ ಬಣ್ಣ ಮಾಸುತ್ತದೆಯೇ ಎಂದು ನೋಡುತ್ತಾರೆ, ಬೇಕಿದ್ದರೆ ಡಾಪ್ಲರ್ ಸ್ಕ್ಯಾನ್ ಬರೆದುಕೊಡುತ್ತಾರೆ. ಮನೆಯಲ್ಲಿ ದಾರ ಕಟ್ಟುವುದು, ಸೂಜಿ ಚುಚ್ಚುವುದು, ಸುಣ್ಣ ಹಚ್ಚುವುದು ಬೇಡವೇ ಬೇಡ. ಸುಣ್ಣ ಸುಟ್ಟ ಗಾಯ ಮಾಡಿ ವೈದ್ಯರ ಕೆಲಸವನ್ನೂ ಕಷ್ಟ ಮಾಡುತ್ತದೆ.

ಚಿಕ್ಕ ಗಂಟನ್ನು ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಪೂರ್ತಿ ತೆಗೆಯುತ್ತಾರೆ, ದೊಡ್ಡದಾದರೆ ಒಂದು ಚೂರು ಮಾತ್ರ. ತೆಗೆದದ್ದು ಎಷ್ಟೇ ಸಾಧಾರಣವಾಗಿ ಕಂಡರೂ ಕಸದ ಬುಟ್ಟಿಗೆ ಹೋಗಬಾರದು, ಪೆಥಾಲಜಿ ಲ್ಯಾಬ್‌ಗೆ ಹೋಗಬೇಕು. ವರದಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ಗಂಟು ಅದೇ ಜಾಗದಲ್ಲಿ ಮತ್ತೆ ಬಂದರೆ ವೈದ್ಯರು ಮೊದಲು ಕೇಳುವುದು ಅದನ್ನೇ.