ಕೊಟೇಶನ್‌ನಲ್ಲಿ ಕೋರ್ ಲೆಕ್ಕವೂ ಇರಲಿ



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಪತ್ತಿನ ಸಂಘ, ಕಾಲೇಜುಗಳು ಸರ್ವರ್ ಖರೀದಿಗೆ ಕರೆದ ಕೆಲವು ಕೊಟೇಶನ್‌ಗಳನ್ನು ನೋಡಿದ್ದೇನೆ. ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ವಾರಂಟಿ ಎಷ್ಟು ವರ್ಷ ಎಂದೆಲ್ಲ ವಿವರವಾಗಿ ಬರೆದಿರುತ್ತಾರೆ. ಸಾಫ್ಟ್‌ವೇರಿಗೆ ಮಾತ್ರ ‘ವಿಂಡೋಸ್ ಸರ್ವರ್ ಸಹಿತ’ ಎಂಬ ಎರಡು-ಮೂರು ಪದ. ನನ್ನ ತಕರಾರು ಇದರ ಬಗ್ಗೆಯೇ.

2016ರ ಆವೃತ್ತಿಯಿಂದ ವಿಂಡೋಸ್ ಸರ್ವರ್ ಲೈಸೆನ್ಸ್ ಪ್ರೊಸೆಸರ್ ಲೆಕ್ಕ ಬಿಟ್ಟು ಅದರೊಳಗಿನ ಕೋರ್ ಲೆಕ್ಕಕ್ಕೆ ಬಂದಿದೆ. ಪ್ರತಿ ಪ್ರೊಸೆಸರಿಗೆ ಕನಿಷ್ಠ 8, ಪ್ರತಿ ಸರ್ವರಿಗೆ ಕನಿಷ್ಠ 16 ಕೋರ್‌ಗಳಿಗೆ ಹಣ ಕಟ್ಟಬೇಕು. ಯಂತ್ರದಲ್ಲಿ ನಾಲ್ಕೇ ಕೋರ್ ಇದ್ದರೂ ಸರಿ. ನಾನು ಮನೆಯಲ್ಲಿ ಕಲಿಕೆಗೆಂದು ಇಟ್ಟುಕೊಂಡಿರುವ ಸೆಕೆಂಡ್ ಹ್ಯಾಂಡ್ ಸರ್ವರಿನಲ್ಲಿ 12 ಕೋರಿನ ಎರಡು ಪ್ರೊಸೆಸರ್‌ಗಳಿವೆ. ಅದರೊಳಗೆ ಎರಡೇ ಕೋರಿನ ಒಂದು ವರ್ಚುವಲ್ ಮಷೀನ್ ಮಾಡಿ ವಿಂಡೋಸ್ ಹಾಕಿದರೂ ಸ್ಟ್ಯಾಂಡರ್ಡ್ ಆವೃತ್ತಿಯ ಸಾಮಾನ್ಯ ನಿಯಮದಂತೆ 24 ಕೋರಿಗೂ ಲೈಸೆನ್ಸ್ ಬೇಕು. ಹುಕ್ಕೇರಿ ವಿದ್ಯುತ್ ಸಹಕಾರಿ ಸಂಘದ ಗ್ರಾಹಕರಿಗೆ ಇದು ಹೊಸದಲ್ಲ: ಯೂನಿಟ್ ಎಷ್ಟೇ ಸುಡಲಿ, ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕ ಬಂದೇ ಬರುತ್ತದೆ.

2022ರ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ 16 ಕೋರಿನ ಪಟ್ಟಿಬೆಲೆ 1,069 ಡಾಲರ್ ಇತ್ತು. 24 ಕೋರಿಗೆ ಸುಮಾರು 1,600 ಡಾಲರ್, ಲಕ್ಷ ರೂಪಾಯಿ ದಾಟಿತು. ಅಷ್ಟಕ್ಕೆ ಸಿಗುವುದು ಎರಡು ವರ್ಚುವಲ್ ಮಷೀನ್ ಮಾತ್ರ. ಮೂರನೆಯದು ಬೇಕೆಂದರೆ ಅಷ್ಟೂ ಕೋರಿಗೆ ಮತ್ತೊಮ್ಮೆ ಕಟ್ಟಬೇಕು. ಸರ್ವರ್ ಬಳಸುವ ಗುಮಾಸ್ತರ, ಕ್ಯಾಷಿಯರ್‌ಗಳ ಲೈಸೆನ್ಸ್ ಬೇರೆ. ಇದನ್ನೆಲ್ಲ ಲೆಕ್ಕ ಹಾಕಿ ದರ ಬರೆದವನು ಸೋಲುತ್ತಾನೆ, ಎಲ್ಲಿಂದಲೋ ತಂದ ‘ಲೈಫ್‌ಟೈಮ್ ಕೀ’ ಒತ್ತಿ ಕೊಡುವವನು ಕಡಿಮೆ ದರದಲ್ಲಿ ಗೆಲ್ಲುತ್ತಾನೆ. ಕೊಟೇಶನ್ ಬರೆದವರೇ ಅವನಿಗೆ ದಾರಿ ಮಾಡಿಕೊಟ್ಟ ಹಾಗಾಯಿತು.

ಒಂದೇ ಕಂಪನಿಗೆ ಜೋತುಬಿದ್ದರೆ ಏನಾಗುತ್ತದೆ ಎಂಬುದನ್ನು ವರ್ಚುವಲ್ ಮಷೀನ್ ತಂತ್ರಾಂಶದ ಕಂಪನಿ ವಿಎಂವೇರ್‌ನ ಬಳಕೆದಾರರನ್ನು ಕೇಳಬೇಕು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಆ ಕಂಪನಿಯನ್ನು ಕೊಂಡಿತು, ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ನಿಂತಿತು, 2024ರ ಆರಂಭದಲ್ಲಿ ನಮ್ಮಂಥ ಮನೆ-ಲ್ಯಾಬಿನವರ ಉಚಿತ ಆವೃತ್ತಿಯೂ ಹೋಯಿತು. 2025ರ ಏಪ್ರಿಲಿನಲ್ಲಿ ಅದು ಮರಳಿತೇನೋ ನಿಜ, ಅಷ್ಟರಲ್ಲಿ ಬಹಳ ಜನ ಪ್ರಾಕ್ಸ್‌ಮಾಕ್ಸ್‌ಗೆ ಹೋಗಿಯಾಗಿತ್ತು. ಅದು ಅದೇ ಕೆಲಸ ಮಾಡುವ ಮುಕ್ತ ತಂತ್ರಾಂಶ. ಚಂದಾ ಕಟ್ಟದೆಯೂ ಬಳಸಬಹುದು, ಕಟ್ಟುವುದಾದರೂ ಪ್ರೊಸೆಸರ್ ಸಾಕೆಟ್ ಲೆಕ್ಕ.

ಕೇಂದ್ರ ಸರ್ಕಾರದ 2015ರ ಮುಕ್ತ ತಂತ್ರಾಂಶ ನೀತಿ ಸರ್ಕಾರಿ ಖರೀದಿಯಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಿ, ಅದನ್ನು ಕೈಬಿಟ್ಟರೆ ಕಾರಣ ಕೊಡಿ ಎನ್ನುತ್ತದೆ. ನಮ್ಮ ಸಂಘಗಳಿಗೆ ಅದು ಕಡ್ಡಾಯವಲ್ಲದಿರಬಹುದು, ಆದರೆ ಕೇಳುವುದಕ್ಕೆ ಅಡ್ಡಿಯೇನು? ವಿಂಡೋಸೇ ಬೇಕಾದ ಕಡೆ ಕೊಳ್ಳಲಿ. ಕೋರ್ ಎಷ್ಟು, ವರ್ಚುವಲ್ ಮಷೀನ್ ಎಷ್ಟು, ಬಳಕೆದಾರರ ಲೈಸೆನ್ಸ್ ಎಷ್ಟು ಎಂದು ಪ್ರತ್ಯೇಕ ಸಾಲು, ಪ್ರತ್ಯೇಕ ದರ ಬರೆಸಿಕೊಳ್ಳಲಿ. ಕಾಲೇಜುಗಳು ವಿದ್ಯಾರ್ಥಿಗಳ ಕೈಗೆ ಕದ್ದ ಕೀ ಕೊಡುವ ಬದಲು ಮೈಕ್ರೋಸಾಫ್ಟೇ 180 ದಿನಕ್ಕೆ ಕೊಡುವ ಪ್ರಾಯೋಗಿಕ ಆವೃತ್ತಿಯನ್ನೋ ಮುಕ್ತ ತಂತ್ರಾಂಶವಾದ ಡೆಬಿಯನ್ ಅನ್ನೋ ಕೊಡಲಿ. ಸಂಘಗಳ ಲೆಕ್ಕಪರಿಶೋಧಕರು ಕುರ್ಚಿ-ಮೇಜಿನ ರಸೀದಿ ಕೇಳುವಾಗ ಸರ್ವರಿನ ಲೈಸೆನ್ಸ್ ಕಾಗದವನ್ನೂ ಈ ವರ್ಷದಿಂದಲೇ ಕೇಳಲಿ.

– ಓದುಗ, ಮೂಡಲಗಿ