ಪುಟಕ್ಕೆ 66 ಪೈಸೆ, ಆಮೇಲೆ ಗುಜರಿಗೆ

ಹಳೆಯ ಕೋರ್ಟ್ ಕಡತಗಳನ್ನು ಸ್ಕ್ಯಾನ್ ಮಾಡಿ ಕಾಗದ ಎಸೆದರೆ ಯಾರ ಗಂಟು ಹೋಗುತ್ತದೆ ಎಂದು ಕೇಳುವವರು ಈಗ ಎಲ್ಲೆಲ್ಲೂ ಇದ್ದಾರೆ. ವಕೀಲರಲ್ಲಿದ್ದಾರೆ, ಅಧಿಕಾರಿಗಳಲ್ಲಿದ್ದಾರೆ, ಇತಿಹಾಸ ಓದಿದವರಲ್ಲೂ ಇದ್ದಾರೆ. ದೂಳು, ಗೆದ್ದಲು, ಜಾಗವಿಲ್ಲ ಎಂಬ ಮೂರೇ ಮಾತು ಅವರ ಬಾಯಲ್ಲಿ.

ಅವರ ಮುಂದೆ ಒಂದು ಲೆಕ್ಕ ಇಡುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರಲ್ಲಿ ಕಡತಗಳ ಸ್ಕ್ಯಾನಿಂಗ್ ಮತ್ತು ಡಿಜಿಟಲೀಕರಣದ ಪಾಲು 2,038.40 ಕೋಟಿ. ಅಂದಾಜು ಪುಟಗಳು 3,108 ಕೋಟಿ. ಭಾಗಿಸಿ ನೋಡಿ, ಪುಟಕ್ಕೆ 66 ಪೈಸೆ ಕೂಡ ದಕ್ಕುವುದಿಲ್ಲ. ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯವನು ಈ ದರಕ್ಕೆ ಯಂತ್ರದ ಮುಚ್ಚಳವನ್ನೂ ಎತ್ತಲಾರ. ಮುಟ್ಟಿದರೆ ಪುಡಿಯಾಗುವ ಹಾಳೆಯನ್ನು, ಅಂಚಿನಲ್ಲಿ ದಾರ ಹಾಕಿ ಹೊಲಿದ ಕಟ್ಟನ್ನು, ಮೋಡಿ ಲಿಪಿಯಲ್ಲಿರುವ ಹೇಳಿಕೆಯನ್ನು 66 ಪೈಸೆಗೆ ಯಾರು ಬಿಚ್ಚುತ್ತಾರೆ, ಯಾರು ನೇರ್ಪು ಮಾಡುತ್ತಾರೆ, ಹಿಂಬದಿಯ ಟಿಪ್ಪಣಿ ಬಂದಿದೆಯೋ ಇಲ್ಲವೋ ಎಂದು ಯಾರು ತಾಳೆ ನೋಡುತ್ತಾರೆ? ಇಂದು ನಡೆಯುತ್ತಿರುವ ಮೊಕದ್ದಮೆಗಳ ಕಾಗದಕ್ಕೆ ಆ ದುಡ್ಡು ಸಾಕಾಗಬಹುದು. ನೂರು ವರ್ಷದ ಹಾಳೆಗೆ ಸಾಲದು. ಹೀಗೆ ತೆಗೆದ ಪ್ರತಿಯನ್ನು ನಂಬಿ ಮೂಲವನ್ನು ಗುಜರಿಗೆ ಹಾಕಿ ಎನ್ನುವವರು ದಾಖಲೆ ಉಳಿಸುವವರಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ‘ಮುಖ್ಯವಾದದ್ದನ್ನು ಇಟ್ಟುಕೊಳ್ಳೋಣ’ ಎಂಬ ಮಾತಿನಲ್ಲಿದೆ. ಬ್ರಿಟಿಷರು 1917ರಲ್ಲಿ ದಾಖಲೆ ನಾಶದ ಕಾಯ್ದೆ ಮಾಡಿದಾಗ, ಸಾರ್ವಜನಿಕವಾಗಿ ಸಾಕಷ್ಟು ಬೆಲೆಯಿಲ್ಲ ಎನಿಸಿದ ಕಾಗದವನ್ನು ತೆಗೆದುಹಾಕುವ ನಿಯಮ ರೂಪಿಸುವ ಅಧಿಕಾರವನ್ನು ಹೈಕೋರ್ಟುಗಳ ಕೈಗಿತ್ತರು. ಯಾರ ಕಣ್ಣಿಗೆ ಬೆಲೆಯಿಲ್ಲ? ಕೋರ್ಟುಗಳ ದಾಖಲೆ ಕೊಠಡಿಯಲ್ಲಿ ತೀರ್ಪು, ಡಿಕ್ರಿಗಳು ಹೆಚ್ಚು ಕಾಲ ಬದುಕುತ್ತವೆ, ಸಾಕ್ಷಿ ಹೇಳಿಕೆಯ ಹಾಳೆಗಳು ಬೇಗ ಸಾಯುತ್ತವೆ. ನ್ಯಾಯಾಧೀಶರ ಮಾತು ಉಳಿಯುತ್ತದೆ, ಹೆಬ್ಬೆಟ್ಟು ಒತ್ತಿದವಳ ಮಾತು ಹೋಗುತ್ತದೆ. ಅಕ್ಷರ ಕಲಿಯದ ಕೂಲಿಯವನು, ವಿಧವೆ, ಜೀತದಾಳು ತಮ್ಮ ಬಾಯಿಂದ ಆಡಿದ್ದು ಕಾಗದದ ಮೇಲೆ ಬಂದಿರುವುದು ಬಹುತೇಕ ಅಲ್ಲೇ, ಆ ಹೇಳಿಕೆಗಳಲ್ಲೇ.

ಚೌರಿ ಚೌರಾ ನೋಡಿ. 1922ರ ಫೆಬ್ರವರಿ 4ರಂದು ರೈತರು ಪೊಲೀಸ್ ಠಾಣೆ ಸುಟ್ಟ ಆ ಘಟನೆಗೆ ಗೋರಖಪುರದ ಸೆಷನ್ಸ್ ಕೋರ್ಟು 172 ಮಂದಿಗೆ ಗಲ್ಲು ವಿಧಿಸಿತು. ಅಲಹಾಬಾದ್ ಹೈಕೋರ್ಟಿನಲ್ಲಿ 19 ಗಲ್ಲು ಖಾಯಂ ಆದವು. ಗಾಂಧಿ ಅಸಹಕಾರ ಚಳವಳಿ ನಿಲ್ಲಿಸಿದರು ಎಂಬ ಒಂದು ಸಾಲಿನಾಚೆ ಆ ರೈತರು ಯಾರು, ಏಕೆ ಬಂದರು ಎಂದು ನಮಗೆ ತಿಳಿದದ್ದು ಇತಿಹಾಸಕಾರ ಶಾಹಿದ್ ಅಮೀನ್ ವಿಚಾರಣೆಯ ಕಡತವನ್ನೂ ಮಾಫಿ ಸಾಕ್ಷಿ ಶಿಕಾರಿಯ ಹೇಳಿಕೆಯನ್ನೂ ಹಿಡಿದು ಕೂತದ್ದರಿಂದ. 1849ರ ಬೀರ್‌ಭೂಮದ ಚಂದ್ರಾ ಎಂಬ ಬಾಗ್ದಿ ಹೆಣ್ಣಿನ ಸಾವನ್ನು ಇತಿಹಾಸಕಾರ ರಣಜಿತ್ ಗುಹಾ ಬರೆದದ್ದು ಕೆಲವೇ ತುಂಡು ಹೇಳಿಕೆಗಳಿಂದ. ಯಾವ ಸಮಿತಿ ಅವನ್ನು ‘ಮುಖ್ಯ’ ಎಂದು ಎತ್ತಿಡುತ್ತಿತ್ತು?

ಹೊರದೇಶದಲ್ಲೂ ಇದೇ ಕತೆ. 1846ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಕೋರ್ಟಿಗೆ ಬಿಡುಗಡೆ ಬೇಡಿ ಡ್ರೆಡ್ ಸ್ಕಾಟ್ ಬಂದಾಗ ಆತ ಸಹಿ ಬಾರದೆ ಗುರುತು ಹಾಕಿದ ಒಬ್ಬ ಗುಲಾಮ, ಅಷ್ಟೆ. 1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವನಿಗೆ ಪೌರತ್ವವೇ ಇಲ್ಲವೆಂದ ಮೇಲೆ ಲೋಕಕ್ಕೆ ಅವನ ಹೆಸರು ಗೊತ್ತಾಯಿತು. ಅವನ ಹಾಗೆಯೇ ಬಿಡುಗಡೆ ಬೇಡಿದ ಸುಮಾರು 300 ದಾವೆಗಳು ಕಲ್ಲಿದ್ದಲ ಮಸಿ ಹಿಡಿದು ಅದೇ ಕೋರ್ಟಿನಲ್ಲಿ ಬಿದ್ದಿದ್ದವು. ಮಿಸೌರಿಯ ರಾಜ್ಯ ಪತ್ರಾಗಾರ ಅವನ್ನು ಒಂದೊಂದಾಗಿ ಬಿಡಿಸಿ ಮಸಿ ಒರೆಸಿತು, ಆಮೇಲೆ ಸ್ಕ್ಯಾನ್ ಮಾಡಿತು, ಮೂಲವನ್ನೂ ಇಟ್ಟುಕೊಂಡಿತು. ಇದಕ್ಕೆ ತದ್ವಿರುದ್ಧ ನಡೆದದ್ದು ಬ್ರಿಟನ್. 1858ರಿಂದ ಕೂಡಿಟ್ಟ ಉಯಿಲುಗಳನ್ನು ಸ್ಕ್ಯಾನ್ ಮಾಡಿ 25 ವರ್ಷದ ನಂತರ ಮೂಲ ನಾಶ ಮಾಡುವ, ಹೆಸರಾಂತರದ್ದನ್ನು ಮಾತ್ರ ಉಳಿಸುವ ಪ್ರಸ್ತಾವವನ್ನು 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ತಂದಿತು. ಇತಿಹಾಸಕಾರರು ಸಿಡಿದೆದ್ದರು. ಹೆಸರಾಂತರು ಯಾರೆಂದು ಸತ್ತು ನೂರು ವರ್ಷದ ಮೇಲೆ ತಿಳಿಯುವುದುಂಟು. ಅಷ್ಟರಲ್ಲಿ ಕಾಗದ ತಿರುಳಾಗಿರುತ್ತದೆ.

ನಮ್ಮಲ್ಲೇನು ಕಡಿಮೆಯೇ? ಜಮೀನ್ದಾರಿಯ ವಿರುದ್ಧ ಎದ್ದ ಕಯ್ಯೂರಿನ ರೈತರ ವಿಚಾರಣೆ ನಡೆದದ್ದು ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ. ನಾಲ್ವರು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ನೇಣಿಗೇರಿದರು. ನಿರಂಜನರ ‘ಚಿರಸ್ಮರಣೆ’ ಕಾದಂಬರಿಯಿಂದ ಅವರು ಕನ್ನಡದ ಮನೆಗಳಿಗೆ ಬಂದರು. ಅದೇ ವರ್ಷ, ಅದೇ ತಿಂಗಳು, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಎದ್ದು ನಿಂತ ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು ಮೈಸೂರು ಸಂಸ್ಥಾನ ಗಲ್ಲಿಗೇರಿಸಿತು. ಅವರ ಹೆಸರಿನಲ್ಲಿ ಭಾಷಣ ಮಾಡದ ರಾಜಕಾರಣಿ ಇಲ್ಲ. ಪುತ್ಥಳಿಗೆ ಹಣ ಇದೆ, ಜಯಂತಿಗೆ ಇದೆ, ಮೆರವಣಿಗೆಯ ಶಾಮಿಯಾನಕ್ಕೆ ಇದೆ. ಯಾರದೋ ಸಿನಿಮಾದಲ್ಲಿ ಇತಿಹಾಸ ತಿರುಚಿದರೆಂದು ಬೀದಿಗಿಳಿಯುವ ಸೇನೆಗಳಿಗೂ ಕೊರತೆಯಿಲ್ಲ. ಜಿಲ್ಲಾ ಕೋರ್ಟಿನ ದಾಖಲೆ ಕೊಠಡಿಯ ಮಾಡು ಸೋರುತ್ತಿದೆ ಎಂದು ಅವರಲ್ಲಿ ಒಬ್ಬರಾದರೂ ಧರಣಿ ಕೂತದ್ದನ್ನು ನಾನು ಕಂಡಿಲ್ಲ. ಮೋಡಿ ಲಿಪಿ ಓದಬಲ್ಲವರನ್ನು ತಯಾರು ಮಾಡಿ, ಪತ್ರಾಗಾರದ ಹುದ್ದೆ ತುಂಬಿ ಎಂದು ಸದನದಲ್ಲಿ ಮೇಜು ಗುದ್ದಿದವರನ್ನೂ ಕಂಡಿಲ್ಲ. ಕಲ್ಲಿನ ಮೂರ್ತಿಗೆ ಹಾಲೆರೆಯುವ ನಾಡು ಆ ಮನುಷ್ಯ ಕಟಕಟೆಯಲ್ಲಿ ನಿಂತು ಏನು ಹೇಳಿದನೆಂದು ಕೇಳುವುದೇ ಇಲ್ಲ.

ಸ್ಕ್ಯಾನ್ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಮಾಡಿ, ಚೆನ್ನಾಗಿ ಮಾಡಿ, ಪುಟಕ್ಕೆ 66 ಪೈಸೆಗಿಂತ ಹೆಚ್ಚು ಕೊಟ್ಟು ಮಾಡಿ. ಆದರೆ ರಾಜ್ಯ ಒಂದಾದ 1956ರ ನವೆಂಬರ್ 1ಕ್ಕಿಂತ ಹಿಂದಿನ ಯಾವ ಕೋರ್ಟ್ ಕಡತವನ್ನೂ, ಸಿವಿಲ್ ಇರಲಿ ಕ್ರಿಮಿನಲ್ ಇರಲಿ, ಗುಜರಿಗೆ ಹಾಕಬೇಡಿ. ಆಮೇಲಿನದನ್ನು ತೆಗೆದುಹಾಕುವ ಮೊದಲು ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ, ಆರು ತಿಂಗಳು ಕಾಯಿರಿ. ವಿಲೇವಾರಿ ಮಾಡಲು ಕೂರುವವರ ನಡುವೆ ರಾಜ್ಯ ಪತ್ರಾಗಾರದ ಒಬ್ಬರು, ಇತಿಹಾಸಕಾರರೊಬ್ಬರು ಇರಲಿ, ಅವರು ಬೇಡವೆಂದರೆ ಕಟ್ಟು ಮರಳಿ ಕಪಾಟಿಗೆ ಹೋಗಲಿ. ಇದಕ್ಕೆ ಹೈಕೋರ್ಟಿನ ಒಂದು ಸುತ್ತೋಲೆ ಸಾಕು.