ಮೈಕ್ರೊಸೆಕೆಂಡಿನ ಲೆಕ್ಕವಿದೆ, ತ್ರೀಫೇಸ್ ವೇಳೆಯ ಖಾತರಿ ಎಲ್ಲಿ?

ಕಲಬುರಗಿ: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ರೈತರಿಗೆ ‘ಫೇಸ್’ ಅಪರಿಚಿತ ಪದವಲ್ಲ. ತ್ರೀಫೇಸ್ ಇದ್ದರೆ ಪಂಪ್‌ಸೆಟ್ ತಿರುಗುತ್ತದೆ. ಸಿಂಗಲ್ ಫೇಸ್ ಆದರೆ ಮನೆಯ ದೀಪಕ್ಕಷ್ಟೇ ಆಸರೆ. ಆದರೆ ದೇಶದ ವಿದ್ಯುತ್ ಜಾಲದ ಸುರಕ್ಷತೆ ನಿಂತಿರುವುದು ಇದೇ ಪದದ ಇನ್ನೊಂದು ಅರ್ಥದ ಮೇಲೆ. ಒಂದು ಊರಿನ ವಿದ್ಯುತ್ ಅಲೆಯು ಮತ್ತೊಂದು ಊರಿನ ಅಲೆಗಿಂತ ಎಷ್ಟು ಮುಂದಿದೆ ಅಥವಾ ಹಿಂದಿದೆ ಎಂಬುದೇ ಆ ಲೆಕ್ಕ.

ಈ ಲೆಕ್ಕಕ್ಕೂ ಜಿಲ್ಲೆಗೂ ನಂಟಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಂದಿಗೆ ಒಂದಾಯಿತು. ಮೂರೂ ತಾಲ್ಲೂಕುಗಳು ಈ ಎರಡು ನಗರಗಳ ನಡುವಣ ಸೀಮೆಯಲ್ಲಿವೆ. ಅದಕ್ಕೆ ಮುನ್ನ ತಾಲ್ಚೇರ್–ಕೋಲಾರದಂತಹ ನೇರ ವಿದ್ಯುತ್ ಮಾರ್ಗಗಳಷ್ಟೇ ಕೊಂಡಿಯಾಗಿದ್ದವು. ಹೀಗಾಗಿ 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಪಾರಾಗಿತ್ತು. ಜಾಲ ಒಂದಾದ ಮೇಲೆ ಹೊರಗಿನ ವಿದ್ಯುತ್ ತರುವುದು ಸುಲಭವಾಗಿದೆ. ದೂರದ ಅವಘಡದ ಬಿಸಿ ಇಲ್ಲಿಗೂ ತಟ್ಟುವ ಸಾಧ್ಯತೆ ಹೆಚ್ಚಿದೆ.

ಜಾಲದ ಫ್ರೀಕ್ವೆನ್ಸಿ 50 ಹರ್ಟ್ಸ್. ಅಂದರೆ ಸೆಕೆಂಡಿಗೆ 50 ಅಲೆಗಳು. ಇದನ್ನೇ ನೆಚ್ಚಿ ನಡೆಯುವ ಗಡಿಯಾರವು, ಫ್ರೀಕ್ವೆನ್ಸಿ 49.9ರಲ್ಲೇ ಇಡೀ ದಿನ ನಿಂತರೆ, ಸುಮಾರು ಮೂರು ನಿಮಿಷ ಹಿಂದೆ ಬೀಳುತ್ತದೆ. ಫ್ರೀಕ್ವೆನ್ಸಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಇದ್ದರೂ ಅಲೆಯ ಕೋನ ಊರಿಂದೂರಿಗೆ ಬೇರೆ. ಕೋನದ ಅಂತರ ಮಿತಿಮೀರಿ ಹಿಗ್ಗಿದರೆ ಮಾರ್ಗದ ಮೇಲೆ ಹೊರೆ ಅತಿಯಾಗಿದೆ ಎಂದರ್ಥ.

ಒಂದು ಡಿಗ್ರಿ ಕೋನವೆಂದರೆ ಸುಮಾರು 56 ಮೈಕ್ರೊಸೆಕೆಂಡ್ ಮಾತ್ರ. ಆದ್ದರಿಂದ ದೂರದ ಎರಡು ಕೇಂದ್ರಗಳ ಗಡಿಯಾರಗಳು ಒಂದೇ ಸಮಯ ಹೇಳದಿದ್ದರೆ ಹೋಲಿಕೆ ವ್ಯರ್ಥ. ಉಪಗ್ರಹದಿಂದ ಸಮಯ ಪಡೆದು ಕೋನ ಅಳೆಯುವ ಮಾಪಕವನ್ನು ಭಾರತ ಮೂಲದ ಅರುಣ್ ಫಡ್ಕೆ ಮತ್ತು ಜೇಮ್ಸ್ ಥಾರ್ಪ್ 1988ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ರೂಪಿಸಿದರು. 2012ರ ಅವಘಡದ ನಂತರ ಪವರ್‌ಗ್ರಿಡ್ ಸಂಸ್ಥೆ ಇವುಗಳನ್ನು ದೇಶದಾದ್ಯಂತ ವ್ಯಾಪಕವಾಗಿ ಅಳವಡಿಸಿತು. ಇವು ಸೆಕೆಂಡಿಗೆ 25 ಬಾರಿ ವರದಿ ಕಳುಹಿಸುತ್ತವೆ.

ಆದರೆ ಈ ಕಣ್ಗಾವಲು ಇರುವುದು ಅಧಿಕ ವೋಲ್ಟೇಜಿನ ಕೇಂದ್ರಗಳಲ್ಲಿ. ಹೊಲಕ್ಕೆ ಹೋಗುವ 11 ಕಿಲೊವೋಲ್ಟ್ ಫೀಡರ್‌ನಲ್ಲಿ ಅಲ್ಲ. ಫ್ರೀಕ್ವೆನ್ಸಿ ನಿಗದಿತ ಮಟ್ಟಕ್ಕಿಂತ ಕುಸಿದರೆ ಜಾಲ ಉಳಿಸಲು ಸ್ವಯಂಚಾಲಿತ ರಿಲೇಗಳು ಆಯ್ದ ಫೀಡರ್‌ಗಳನ್ನು ಕಡಿತಗೊಳಿಸುತ್ತವೆ. ಪೂರೈಕೆ ನಿಂತದ್ದು ಜಾಲದ ರಕ್ಷಣೆಗೋ, ಸ್ಥಳೀಯ ದೋಷಕ್ಕೋ, ವಿದ್ಯುತ್ ಅಭಾವಕ್ಕೋ ಎಂಬುದನ್ನು ತೊಗರಿ, ಕಬ್ಬಿಗೆ ನೀರು ಹಾಯಿಸಲು ಕಾದವನು ಹೊಲದಲ್ಲಿ ನಿಂತು ಅರಿಯಲಾರ. 2023ರ ಬರಗಾಲದಲ್ಲಿ ತ್ರೀಫೇಸ್ ಪೂರೈಕೆ ಐದು ಗಂಟೆಗೆ ಇಳಿದಾಗ, ಏಳು ಗಂಟೆ ನೀಡುವಂತೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸೂಚಿಸಬೇಕಾಯಿತು. ರೈತನಿಗೆ ಎಷ್ಟು ಗಂಟೆ ಎಂಬುದರಷ್ಟೇ ಯಾವ ಗಂಟೆ ಎಂಬುದೂ ಮುಖ್ಯ.

ಅಲೆಯ ಕೋನವನ್ನು ಮೈಕ್ರೊಸೆಕೆಂಡಿನಲ್ಲಿ ಅಳೆಯಬಲ್ಲ ವ್ಯವಸ್ಥೆಗೆ, ಪ್ರತಿ ಫೀಡರ್‌ಗೆ ತ್ರೀಫೇಸ್ ಬಂದ ಹಾಗೂ ಹೋದ ವೇಳೆಯನ್ನು ಕಾರಣಸಹಿತ ರೈತರಿಗೆ ತಿಳಿಸುವುದು ಅಸಾಧ್ಯದ ಕೆಲಸವಲ್ಲ. ಅದಕ್ಕೆ ಉಪಗ್ರಹ ಬೇಕಿಲ್ಲ; ನಿಖರ ಗಡಿಯಾರವಿರುವ ಮೀಟರು, ಲೆಕ್ಕ ಒಪ್ಪಿಸುವ ಮನಸ್ಸು ಸಾಕು.